ಆಪ್ಷನ್ ಎಂಟ್ರಿಯ ಮೊದಲ ಸಾಲು

(ರಾಣೇಬೆನ್ನೂರು ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರ ಪೋಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನಿವೃತ್ತಿಯಾದ ಮೇಲೂ ಪ್ರತಿ ವರ್ಷ ಜೂನ್ ತಿಂಗಳು ಬಂದರೆ ನಮ್ಮ ಮನೆಯ ಕಟ್ಟೆಯ ಮೇಲೆ ಇಬ್ಬರೋ ಮೂವರೋ ತಂದೆ ತಾಯಂದಿರು ಸಿಇಟಿ ರ‍್ಯಾಂಕಿನ ಚೀಟಿ ಹಿಡಿದು ಕುಳಿತಿರುತ್ತಾರೆ. ಅವರ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: "ಸರ್, ಎಲ್ಲಿ ಹಾಕೂದು?" ಇದಕ್ಕೆ ಒಂದು ಊರಿನ ಹೆಸರು ಹೇಳಿ ಕಳಿಸುವುದು ಬಹಳ ಸುಲಭ, ಮತ್ತು ನಾನು ಹಲವು ವರ್ಷ ಮಾಡಿದ್ದೂ ಅದನ್ನೇ. ಇವತ್ತು ಹಾಗೆ ಮಾಡದೆ, ಎರಡು ವರ್ಷಗಳ ಹಿಂದೆ ನಮ್ಮ ಓಣಿಯ ಒಬ್ಬ ಹುಡುಗಿ ಎರಡು ವಿಶ್ವವಿದ್ಯಾಲಯಗಳ ನಡುವೆ ಆಯ್ಕೆ ಮಾಡಿದ ಬಗೆಯನ್ನು, ಅದರಲ್ಲಿ ಅವಳ ಮನೆಯವರು ಮತ್ತು ನಾನು ಮಾಡಿದ ತಪ್ಪುಗಳ ಸಮೇತ, ನಿಮ್ಮ ಮುಂದಿಡುತ್ತೇನೆ.

ಆ ಹುಡುಗಿಗೆ ಬಿ.ಎಸ್ಸಿ. (ಆನರ್ಸ್) ಕೃಷಿ ಓದಬೇಕೆಂಬುದು ಎಂಟನೆಯ ತರಗತಿಯಿಂದಲೂ ಇದ್ದ ಆಸೆ. ಅವಳ ತಂದೆ ಬೀಜೋತ್ಪಾದನೆ ಮಾಡುವ ರೈತರು. ನಮ್ಮ ರಾಣೇಬೆನ್ನೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬೇರೆ ಕಡೆಯಿಂದ ಬಂದವರಿಗಾಗಿ ಹೇಳುತ್ತೇನೆ. ಹತ್ತಿಯ ಹೈಬ್ರಿಡ್ ಬೀಜ ಮಾಡುವ ಹೊಲದಲ್ಲಿ ಸಂಜೆ ಹೆಣ್ಣು ಸಾಲಿನ ಮೊಗ್ಗುಗಳನ್ನು ಬಿಡಿಸಿ ಒಳಗಿನ ಗಂಡುಭಾಗವನ್ನು ಕಿತ್ತು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸುತ್ತಾರೆ. ನಮ್ಮಲ್ಲಿ ಇದನ್ನು ಕ್ರಾಸಿಂಗ್ ಎನ್ನುತ್ತೇವೆ. ಈ ಕೆಲಸ ನಡೆಯುವುದು ಬಹುಪಾಲು ಹೆಣ್ಣುಮಕ್ಕಳ ಬೆರಳುಗಳಲ್ಲಿ, ಮತ್ತು ಈ ಹುಡುಗಿಯ ಬೆರಳುಗಳೂ ಅದರಲ್ಲಿ ಪಳಗಿದ್ದವು. ತಳಿಶಾಸ್ತ್ರದ ಪಾಠವನ್ನು ನಾನು ಕಪ್ಪು ಹಲಗೆಯ ಮೇಲೆ ಮಾಡುವಾಗ ಅವಳು ನನ್ನ ಚಿತ್ರ ತಪ್ಪಿದೆ ಎಂದು ಎದ್ದು ಹೇಳಿದ್ದಳು. ಚಿತ್ರ ತಪ್ಪಿಯೂ ಇತ್ತು.

ಅವಳ ರ‍್ಯಾಂಕಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮುಖ್ಯ ಆವರಣವೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮುಖ್ಯ ಆವರಣವಾದ ಜಿಕೆವಿಕೆಯೂ ಎರಡೂ ಸಿಗುವ ಸಂಭವವಿತ್ತು. ನಮ್ಮೂರಿನಿಂದ ಧಾರವಾಡ ಸುಮಾರು 125 ಕಿಲೋಮೀಟರ್, ಬೆಂಗಳೂರು ಸುಮಾರು 300. ಎರಡಕ್ಕೂ ಒಂದೇ ಹೆದ್ದಾರಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಲಕ್ಕೆ ಹೋಗುವುದೋ ಎಡಕ್ಕೆ ಹೋಗುವುದೋ ಎಂಬುದಷ್ಟೇ ಪ್ರಶ್ನೆ ಎಂದು ಅವಳ ತಂದೆ ನಗುತ್ತ ಹೇಳಿದ್ದರು. ನಗು ಮೇಲಿನದಾಗಿತ್ತು. ಅಪ್ಪನಿಗೆ ಧಾರವಾಡ ಬೇಕು, ಮಗಳಿಗೆ ಬೆಂಗಳೂರು ಬೇಕು; ಮೂರು ದಿನಗಳಿಂದ ಆ ಮನೆಯಲ್ಲಿ ಅಪ್ಪ ಮಗಳ ನಡುವೆ ಮಾತಿರಲಿಲ್ಲ.

ಈ ಎರಡು ವಿಶ್ವವಿದ್ಯಾಲಯಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನಾವು ತೂಗುವ ವಸ್ತುಗಳ ಪರಿಚಯವೇ ನಮಗಿರುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸಂಸ್ಥಾನದ ಕೃಷಿ ಪ್ರಯೋಗದ ಕ್ಷೇತ್ರ ಶುರುವಾದದ್ದು 1899ರಲ್ಲಿ. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1913ರಲ್ಲಿ, ಅಲ್ಲಿ ಕೃಷಿ ಶಾಲೆ ಬಂತು. ಧಾರವಾಡದ ಕೃಷಿ ಕಾಲೇಜು 1947ರದು, ಮುಂಬಯಿ ಪ್ರಾಂತದ ಕೂಸು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಎರಡೂ ಒಂದೇ ಮನೆಯವಾದವು, 1986ರಲ್ಲಿ ಅಣ್ಣತಮ್ಮಂದಿರು ಪಾಲಾದ ಹಾಗೆ ಧಾರವಾಡ ಬೇರೆಯಾಯಿತು. ಆದುದರಿಂದ "ಆ ವಿಶ್ವವಿದ್ಯಾಲಯ ಹಳೆಯದು, ಈ ವಿಶ್ವವಿದ್ಯಾಲಯ ಹೊಸದು" ಎಂಬ ಮಾತಿಗೆ ಇಲ್ಲಿ ಹೆಚ್ಚು ತೂಕವಿಲ್ಲ. ಪಠ್ಯಕ್ರಮದ ವಿಷಯವೂ ಹಾಗೆಯೇ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ನೇಮಿಸುವ ಡೀನ್‌ಗಳ ಸಮಿತಿ ದೇಶದ ಎಲ್ಲ ಕೃಷಿ ಪದವಿಗಳಿಗೂ ಹೆಚ್ಚುಕಡಿಮೆ ಒಂದೇ ಪಠ್ಯವನ್ನು ಗೊತ್ತುಮಾಡುತ್ತದೆ. ಧಾರವಾಡದಲ್ಲಿ ಓದಿದರೂ ಬೆಂಗಳೂರಿನಲ್ಲಿ ಓದಿದರೂ ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗೆ, ಇಲಾಖೆಯ ಸಹಾಯಕ ಕೃಷಿ ಅಧಿಕಾರಿ ಹುದ್ದೆಗೆ ಬರೆಯುವ ಪರೀಕ್ಷೆ ಒಂದೇ. ರ‍್ಯಾಂಕಿಂಗ್ ಬಗ್ಗೆ ಕೇಳುವವರಿಗೆ ನಾನು ಹೇಳುವುದಿಷ್ಟು: ಕೇಂದ್ರ ಸರ್ಕಾರದ ಎನ್.ಐ.ಆರ್.ಎಫ್. ಪಟ್ಟಿಯಲ್ಲಿ ಕೃಷಿಗೆಂದೇ ಪ್ರತ್ಯೇಕ ವಿಭಾಗ ಬಂದದ್ದು 2023ರಲ್ಲಿ. ಅದು ಸಂಶೋಧನೆ, ಹೆಸರು, ಅಧ್ಯಾಪಕರ ಸಂಖ್ಯೆ ಇಂಥವನ್ನು ಅಳೆಯುತ್ತದೆಯೇ ಹೊರತು ಹಾಸ್ಟೆಲಿನ ನೀರು, ಮೊದಲ ವರ್ಷದ ಮಕ್ಕಳಿಗೆ ಕೋಣೆ ಸಿಗುವ ಬಗೆ, ಅಳು ಬಂದಾಗ ಹೋಗಿ ಕೂರಬಹುದಾದ ಮೇಷ್ಟ್ರು ಇದ್ದಾರೆಯೇ ಎಂಬುದನ್ನು ಅಳೆಯುವುದಿಲ್ಲ.

ಹಾಗಿದ್ದರೆ ವ್ಯತ್ಯಾಸವೇ ಇಲ್ಲವೇ? ಇದೆ, ಮತ್ತು ಅದು ಮಣ್ಣಿನಲ್ಲಿದೆ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ಮಕ್ಕಳು ಹಳ್ಳಿಯೊಂದರಲ್ಲಿ ವಾಸವಿದ್ದು ರೈತರ ಜೊತೆ ಕೆಲಸ ಮಾಡಬೇಕು. ಅದಕ್ಕೆ ಮೊದಲೂ ಪ್ರತಿಯೊಬ್ಬರಿಗೂ ಒಂದೊಂದು ತಾಕು ಕೊಟ್ಟು ಬಿತ್ತನೆಯಿಂದ ಕೊಯ್ಲಿನವರೆಗೆ ಅವರ ಕೈಯಲ್ಲೇ ಬೆಳೆ ತೆಗೆಸುತ್ತಾರೆ. ಧಾರವಾಡದಲ್ಲಿ ಅದು ಕರಿಮಣ್ಣು, ಹತ್ತಿ, ಜೋಳ, ಶೇಂಗಾ, ಸೋಯಾಬೀನ್; ಬೆಂಗಳೂರಿನಲ್ಲಿ ಕೆಂಪು ಮಣ್ಣು, ರಾಗಿ, ಅವರೆ, ತರಕಾರಿ, ರೇಷ್ಮೆ. ಇಡೀ ದೇಶದ ಕಿರುಧಾನ್ಯ ಸಂಶೋಧನೆಯನ್ನು ಹೊಂದಿಸುವ ಘಟಕ ಬಹಳ ಕಾಲ ಇದ್ದದ್ದು ಜಿಕೆವಿಕೆಯಲ್ಲಿ. 1972ರಲ್ಲಿ ಡಾ. ಬಿ.ಎಚ್. ಕತರ್ಕಿಯವರು ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ವರಲಕ್ಷ್ಮಿ ಎಂಬ ಹೈಬ್ರಿಡ್ ಕೊಟ್ಟದ್ದು ಧಾರವಾಡದಲ್ಲಿ. 1981ರಲ್ಲಿ ಬಂದ ಡಿ.ಸಿ.ಎಚ್. 32, ಅಂದರೆ ಜಯಲಕ್ಷ್ಮಿ, ಅದೂ ಅಲ್ಲಿಯದೇ. ನಮ್ಮ ಹಿರಿಯರು ಆ ಎರಡು ಲಕ್ಷ್ಮಿಯರ ಹೆಸರಿನಲ್ಲಿ ಮನೆ ಕಟ್ಟಿಸಿದವರು. ಆ ಹುಡುಗಿಯ ಅವ್ವ, ಅಜ್ಜಿ ಇಬ್ಬರೂ ಕ್ರಾಸಿಂಗ್ ಕಲಿತ ಕಸಬಿನ ಬೇರು ಧಾರವಾಡದ ಆ ತಾಕುಗಳಲ್ಲಿದೆ ಎಂಬುದು ಅವಳಿಗಾಗಲಿ ಅವಳ ತಂದೆಗಾಗಲಿ ಗೊತ್ತಿರಲಿಲ್ಲ. ಇನ್ನೊಂದು ಕಡೆ, ಜಿಕೆವಿಕೆ ಆವರಣದೊಳಗೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್.ಸಿ.ಬಿ.ಎಸ್. ಇದೆ, ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಹೆಬ್ಬಾಳದಲ್ಲಿ ಕೀಟಗಳ ರಾಷ್ಟ್ರೀಯ ಕೇಂದ್ರ, ಊರ ತುಂಬ ಬೀಜ ಕಂಪನಿಗಳ ಪ್ರಯೋಗಾಲಯಗಳು. ಮುಂದೆ ಪ್ರಯೋಗಾಲಯದ ಕಡೆಗೆ ಹೋಗುವ ಮಗುವಿಗೆ ಅದು ಸಣ್ಣ ಸಂಗತಿಯಲ್ಲ.

ಇಷ್ಟನ್ನು ನಾನು ಅವರ ಮನೆಯ ಪಡಸಾಲೆಯಲ್ಲಿ ಕುಳಿತು ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಆದರೆ ಜಗಳ ಒಂದಿಂಚೂ ಕದಲಲಿಲ್ಲ, ಏಕೆಂದರೆ ಜಗಳ ಇದ್ದದ್ದು ಈ ಯಾವ ವಿಷಯದ ಬಗ್ಗೆಯೂ ಅಲ್ಲ.

ಇಲ್ಲಿ ನನ್ನದೇ ಒಂದು ಹಳೆಯ ತಪ್ಪನ್ನು ಹೇಳಿಕೊಳ್ಳಬೇಕು. ಹನ್ನೆರಡು ವರ್ಷಗಳ ಹಿಂದೆ ನನ್ನ ಮಗನಿಗೆ ಎರಡು ಊರುಗಳಲ್ಲಿ ಸೀಟು ಸಿಗುವಂತಿತ್ತು. ದೂರದ ಊರಿನ ಖರ್ಚನ್ನು ಆ ವರ್ಷ ನಾನು ಹೊರಲಾರದವನಾಗಿದ್ದೆ. ನನ್ನ ತಾಯಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಅದನ್ನು ಮಗನಿಗೆ ಹೇಳಲು ನನಗೆ ಸಂಕೋಚ. ಹಾಗಾಗಿ ದೂರದ ಊರಿನ ಹವಾ ಅವನಿಗೆ ಒಗ್ಗುವುದಿಲ್ಲವೆಂದೆ, ಅಲ್ಲಿ ಪಾಠ ಸರಿಯಿಲ್ಲವೆಂದೆ, ಹುಡುಗರು ಕೆಡುತ್ತಾರೆಂದೆ. ಅವನು ಒಂದೊಂದಕ್ಕೂ ಹುಡುಕಿ ಉತ್ತರ ತಂದ, ನಾನು ಒಂದೊಂದಕ್ಕೂ ಹೊಸ ಕಾರಣ ಹುಟ್ಟಿಸಿದೆ, ಕೊನೆಗೆ ಅವನು ಸುಮ್ಮನಾದ. ಹತ್ತಿರದ ಊರಿಗೇ ಹೋದ, ಚೆನ್ನಾಗಿಯೇ ಓದಿದ. ಆದರೆ ಕೆಲಸಕ್ಕೆ ಸೇರಿದ ಮೇಲೆ ಒಂದು ರಾತ್ರಿ ಊಟ ಮಾಡುತ್ತ ಹೇಳಿದ: "ಅಪ್ಪಾ, ರೊಕ್ಕ ಇಲ್ಲ ಅಂತ ಅವತ್ತ ಅಂದಿದ್ರ ನಾ ಅವತ್ತೇ ಒಪ್ಪತಿದ್ದೆ. ನನಗ ಬುದ್ಧಿ ಇಲ್ಲ ಅಂತ ನೀವು ತಿಳದೀರಿ ಅನಕೊಂಡು ನಾಲ್ಕ ವರ್ಷ ಓದಿದೆ." ನನಗೆ ಆ ಊಟ ಇಳಿಯಲಿಲ್ಲ.

ಅವತ್ತಿನಿಂದ ನಾನು ಪೋಷಕರಿಗೆ ಹೇಳುತ್ತ ಬಂದಿರುವುದು ಇದೊಂದೇ. ನಮ್ಮ ಕಾರಣ ನಮ್ಮ ಹೆಸರಿನಲ್ಲಿರಲಿ, ಮಗುವಿನ ಕಾರಣ ಮಗುವಿನ ಹೆಸರಿನಲ್ಲಿರಲಿ. ನಮ್ಮ ಭಯಕ್ಕೆ, ನಮ್ಮ ಅಡಚಣೆಗೆ "ನಿನ್ನ ಒಳ್ಳೇದಕ್ಕೇ ಹೇಳೋದು" ಎಂಬ ಅಂಗಿ ತೊಡಿಸಿದರೆ ಹದಿನೇಳು ವರ್ಷದ ಮಗು ಅದನ್ನು ಕೂಡಲೇ ಗುರುತಿಸುತ್ತದೆ. ಗುರುತಿಸಿದ ಮೇಲೆ ಅದು ನಮ್ಮ ನಿಜವಾದ ಮಾತನ್ನೂ ನಂಬುವುದಿಲ್ಲ.

ಆ ಮನೆಯಲ್ಲಿ ನಾನು ಮೂರು ಹಾಳೆ ಹರಿದು ಮೂವರಿಗೂ ಕೊಟ್ಟೆ. ಅವಳ ತಾಯಿಗೆ ಬರೆಯಲು ಬಾರದು, ಅವರದನ್ನು ನಾನೇ ಬರೆದುಕೊಂಡೆ. ನಿಯಮ ಒಂದೇ: ನನಗೇನು ಬೇಕು, ನನಗೇನು ಹೆದರಿಕೆ ಎಂದು ಬರೆಯಬೇಕು, "ಅವಳಿಗೆ" ಅಥವಾ "ನಿನಗೆ" ಎಂಬ ಪದ ಬರಕೂಡದು. ತಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಅವರ ಹಾಳೆಯಲ್ಲಿ ಖರ್ಚಿನ ಲೆಕ್ಕ ಮೊದಲು ಬಂತು, ಆಮೇಲೆ ಕೆಳಗೆ ಸಣ್ಣಕ್ಷರದಲ್ಲಿ "ಬೆಂಗಳೂರಾಗ ನನಗ ಯಾರ ಪರಿಚಯನೂ ಇಲ್ಲ, ರಾತ್ರಿ ಫೋನ್ ಬಂದ್ರ ನಾ ಹೆಂಗ ಮುಟ್ಟಲಿ" ಎಂದಿತ್ತು. ಮಗಳ ಹಾಳೆಯಲ್ಲಿ ತಳಿಶಾಸ್ತ್ರ ಇತ್ತು, ಗೆಳತಿಯೊಬ್ಬಳು ಬೆಂಗಳೂರಿಗೆ ಹೋಗುತ್ತಾಳೆ ಎಂಬುದಿತ್ತು, ಮತ್ತು ನಾನು ಇವತ್ತಿಗೂ ಮರೆಯದ ಒಂದು ಸಾಲಿತ್ತು: ಯಾರ ಮಗಳು ಎಂದು ಯಾರೂ ಕೇಳದ ಊರಿನಲ್ಲಿ ಸ್ವಲ್ಪ ದಿನ ಇರಬೇಕು. ಆದರೆ ನಮ್ಮೆಲ್ಲರನ್ನೂ ಚಕಿತಗೊಳಿಸಿದ್ದು ತಾಯಿಯ ಮಾತು. ಮೂರು ದಿನದ ಜಗಳದಲ್ಲಿ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಅವರು ಹೇಳಿದರು: "ಕ್ರಾಸಿಂಗ್ ಹಂಗಾಮಿನಾಗ ಅಕಿ ಇಲ್ಲ ಅಂದ್ರ ನನಗ ಇಬ್ಬರು ಆಳು ಬೇಕ್ರಿ. ಅದನ್ನ ಹೇಳಿದ್ರ ಮಗಳನ್ನ ಹೊಲಕ್ಕ ಕಟ್ಟಿ ಹಾಕತಾಳ ಅಂತೀರಿ, ಅದಕ್ಕ ಸುಮ್ಮನಿದ್ದೆ."

ನೋಡಿ, ಎಷ್ಟು ನ್ಯಾಯವಾದ ಮಾತು. ಹಂಗಾಮಿನ ಎರಡು ಮೂರು ತಿಂಗಳು ದಿನಕ್ಕಿಬ್ಬರ ಕೂಲಿ ಎಂದರೆ ಒಂದು ಕುಟುಂಬಕ್ಕೆ ಅದು ಹಾಸ್ಟೆಲ್ ಖರ್ಚಿನಷ್ಟೇ ದೊಡ್ಡ ಲೆಕ್ಕ. ಅದನ್ನು ಖರ್ಚಿನ ಪಟ್ಟಿಗೆ ಸೇರಿಸಿದ ಮೇಲೆ ಎರಡು ಊರುಗಳ ಅಂತರ ಕಡಿಮೆಯಾಯಿತು, ಏಕೆಂದರೆ ಮಗಳು ಧಾರವಾಡದಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ ಸೋಮವಾರದಿಂದ ಶನಿವಾರದವರೆಗೆ ಹೊಲದಲ್ಲಿರಲಾರಳು. ಬಸ್ಸಿನ ಖರ್ಚಿನ ವಿಷಯದಲ್ಲೂ ಹೀಗೇ ಆಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಮಗಳಿಗೆ ಟಿಕೆಟ್ಟಿಲ್ಲ; ಮಗಳನ್ನು ನೋಡಲು ಹೋಗುವ ಅಪ್ಪನಿಗೆ ಮಾತ್ರ ಇದೆ. ಹಾಗಾದರೆ ಮಗಳೇ ಬರಲಿ ಎಂದು ನಾನು ತಮಾಷೆ ಮಾಡಿದಾಗ ಆ ಮನೆಯಲ್ಲಿ ಮೂರು ದಿನದ ಮೇಲೆ ಮೊದಲ ನಗು ಕೇಳಿಸಿತು.

ಆಮೇಲೆ ನಾನು ಒತ್ತಾಯ ಮಾಡಿದ್ದು ಎರಡೂ ಕಡೆ ಹೋಗಿ ಬರಬೇಕೆಂದು. ಭಾನುವಾರ ಬೇಡ, ಕೃಷಿ ಮೇಳದ ದಿನವಂತೂ ಬೇಡವೇ ಬೇಡ. ಮೇಳದ ದಿನ ಯಾವ ವಿಶ್ವವಿದ್ಯಾಲಯವೂ ಮದುವೆ ಮನೆಯ ಹಾಗೆ ಕಾಣುತ್ತದೆ. ಕೆಲಸದ ದಿನ, ಬೆಳಗಿನ ಹೊತ್ತು ಹೋಗಬೇಕು. ಪ್ರಾಸ್ಪೆಕ್ಟಸ್ಸಿನಲ್ಲಿರುವುದನ್ನು ಅಲ್ಲಿ ಕೇಳಬೇಡಿ. ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಕ್ಯಾಂಟೀನಿನಲ್ಲಿ ಕೂರಿಸಿ ಚಹಾ ಕೊಡಿಸಿ ಕೇಳಿ: ಮೊದಲ ಸೆಮಿಸ್ಟರಿನಲ್ಲಿ ಊರಿಗೆ ಎಷ್ಟು ಸಲ ಹೋದೆ, ಜ್ವರ ಬಂದಾಗ ಯಾರು ಕರೆದುಕೊಂಡು ಹೋದರು, ಒಂದು ವಿಷಯ ಹೋದಾಗ ಯಾರ ಹತ್ತಿರ ಹೋಗಿ ಮಾತಾಡಿದೆ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಪ್ರತಿ ವಿದ್ಯಾರ್ಥಿಗೂ ಒಬ್ಬ ಸಲಹೆಗಾರ ಅಧ್ಯಾಪಕರು ಇರುತ್ತಾರೆ. ಅವರು ಕಾಗದದ ಮೇಲೆ ಮಾತ್ರ ಇದ್ದಾರೋ ನಿಜವಾಗಿ ಸಿಗುತ್ತಾರೋ ಎಂಬುದು ಆ ಚಹಾ ಮುಗಿಯುವುದರೊಳಗೆ ಗೊತ್ತಾಗುತ್ತದೆ. ಇನ್ನೊಂದು ಮಾತು: ಆ ಸಂಭಾಷಣೆ ನಡೆಯುವಾಗ ಅಪ್ಪ ಬೇರೆ ಮೇಜಿನಲ್ಲಿ ಕೂತಿರಬೇಕು.

ಅವರು ಧಾರವಾಡಕ್ಕೆ ಹೋದ ದಿನ ಮಳೆ ಹಿಡಿದಿತ್ತಂತೆ. ಕರಿಮಣ್ಣು ಚಪ್ಪಲಿಗೆ ಅಂಟಿ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರಂತೆ. ತಂದೆಗೆ ಅದು ಅಷ್ಟು ಹಿಡಿಸಲಿಲ್ಲ. ಇಂಥದೇ ಮಣ್ಣಿನಲ್ಲಿ ಹುಟ್ಟಿ ಬೆಳೆದವರಿಗೆ ಮಗಳು ಮತ್ತೆ ಅದೇ ಮಣ್ಣಿಗೆ ಏಕೆ ಬರಬೇಕು ಎನ್ನಿಸಿತೋ ಏನೋ. ಮಗಳು ಮಾತ್ರ ಹತ್ತಿಯ ತಾಕಿನ ಬದುವಿನ ಮೇಲೆ ನಿಂತು, ಅಲ್ಲಿದ್ದ ಕೆಲಸದ ಹೆಂಗಸರ ಜೊತೆ ಒಂದು ಗಂಟೆ ಮಾತಾಡಿದಳಂತೆ. ಮುಂದಿನ ವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದರು. ಜಿಕೆವಿಕೆಯ ಗೇಟಿನ ಹೊರಗೆ ಬಳ್ಳಾರಿ ರಸ್ತೆಯ ಗದ್ದಲ, ಒಳಗೆ ಮರಗಳ ತಂಪು, ಕಣ್ಣು ಹಾಯುವಷ್ಟು ದೂರ ಹೊಲ. ಅವಳ ತಂದೆ ಬೆಂಗಳೂರೆಂದರೆ ಇದಲ್ಲವೆಂದು ತಿಳಿದಿದ್ದವರು, ಕಟ್ಟೆಯೊಂದರ ಮೇಲೆ ಅರ್ಧ ದಿನ ಕೂತು ಸಂತೋಷಪಟ್ಟು ಬಂದರು. ಊರಿಗೆ ಬಂದವರೇ ನಮ್ಮ ಮನೆಗೆ ಬಂದು "ಸರ್, ಬೆಂಗಳೂರೇ ಚಲೋ ಐತ್ರಿ" ಎಂದರು. ನಾನು ಇದನ್ನು ಸ್ವಲ್ಪವೂ ನಿರೀಕ್ಷಿಸಿರಲಿಲ್ಲ. ಮಗಳು ಅಷ್ಟು ಹೊತ್ತಿಗೆ ಧಾರವಾಡದ ಕಡೆಗೆ ವಾಲಿದ್ದಳು.

ಈ ಹಂತದಲ್ಲಿ ತಾಂತ್ರಿಕವಾದ ಒಂದು ವಿಷಯವನ್ನು ನೀವು ಗಮನವಿಟ್ಟು ಕೇಳಬೇಕು, ಏಕೆಂದರೆ ಬಹಳ ಮನೆಗಳು ಎಲ್ಲ ಸರಿಯಾಗಿ ಯೋಚಿಸಿ ಇಲ್ಲಿ ಎಡವುತ್ತವೆ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ಆನ್‌ಲೈನಿನಲ್ಲಿ ತುಂಬುವ ಪಟ್ಟಿಯಲ್ಲಿ, ನೀವು ತುಂಬುವುದು ಆದ್ಯತೆಯ ಕ್ರಮ. ರ‍್ಯಾಂಕಿಗೆ ಪಟ್ಟಿಯ ಮೇಲಿನ ಸಾಲು ಸಿಕ್ಕರೆ ಕೆಳಗಿನ ಸಾಲುಗಳನ್ನು ಯಂತ್ರ ನೋಡುವುದೇ ಇಲ್ಲ. ಆದುದರಿಂದ "ಎರಡೂ ಹಾಕಿರೋಣ, ಯಾವುದು ಬರುತ್ತೋ ನೋಡೋಣ" ಎನ್ನುವುದು ಆಯ್ಕೆಯನ್ನು ಮುಂದೂಡಿದ ಹಾಗಲ್ಲ. ಮೊದಲ ಸಾಲಿನಲ್ಲಿ ಯಾವುದನ್ನು ಬರೆದಿರೋ ಆ ಕ್ಷಣಕ್ಕೇ ಆಯ್ಕೆ ಮುಗಿಯಿತು. ಎರಡನೆಯದಾಗಿ, ವಿಶ್ವವಿದ್ಯಾಲಯ ಬೇರೆ, ಕಾಲೇಜು ಬೇರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ನಮ್ಮ ಪಕ್ಕದ ಹನುಮನಮಟ್ಟಿಯಲ್ಲೂ ಇದೆ, ವಿಜಯಪುರದಲ್ಲೂ ಇದೆ. ಬೆಂಗಳೂರಿನದು ಚಿಂತಾಮಣಿಯಲ್ಲೂ ಇದೆ. ಪಟ್ಟಿಯಲ್ಲಿ ಅವೆಲ್ಲ ಬೇರೆ ಬೇರೆ ಸಾಲುಗಳು. ಬೆಂಗಳೂರು ನಗರದ ಕನಸು ಕಂಡ ಮಗು ಹೆಸರು ಸರಿಯಾಗಿ ನೋಡದೆ ಚಿಂತಾಮಣಿಗೆ ಹೋಗಿ ಇಳಿದರೆ ಅದು ಚಿಂತಾಮಣಿಯ ತಪ್ಪಲ್ಲ. ಮೂರನೆಯದು, ದಯವಿಟ್ಟು ಪಾಸ್‌ವರ್ಡನ್ನು ಸೈಬರ್ ಸೆಂಟರಿನವರ ಕೈಗೆ ಕೊಟ್ಟು "ನೀವೇ ಚಲೋ ನೋಡಿ ತುಂಬ್ರಿ" ಎಂದು ಚಹಾ ಕುಡಿಯಲು ಹೋಗಬೇಡಿ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆದರೆ ಅವತ್ತು ಅವರ ಎದುರಿಗೆ ಇನ್ನೂ ಮೂವತ್ತು ಮಕ್ಕಳು ಸಾಲು ನಿಂತಿರುತ್ತಾರೆ. ಸೀಟು ಹಂಚಿಕೆಯಾದ ಮೇಲೆ ಛಾಯ್ಸ್ 1 ಎಂದರೆ ಒಪ್ಪಿ ಸೇರುತ್ತೇನೆ ಎಂದು, ಛಾಯ್ಸ್ 2 ಎಂದರೆ ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನ ಸಾಲುಗಳಿಗೆ ಕಾಯುತ್ತೇನೆ ಎಂದು. ಮೇಲಿನದು ಸಿಕ್ಕರೆ ಕೈಯಲ್ಲಿದ್ದದ್ದು ತಾನಾಗಿ ರದ್ದಾಗುತ್ತದೆ, ಆಮೇಲೆ ಅತ್ತರೂ ವಾಪಸು ಬರುವುದಿಲ್ಲ.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಈಗ ಅಪ್ಪನಿಗೆ ಬೆಂಗಳೂರು, ಮಗಳಿಗೆ ಧಾರವಾಡ. ನಾನು ಅವಳನ್ನು ಒಂಟಿಯಾಗಿ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ: ಧಾರವಾಡ ನಿನ್ನ ಕಾರಣವೋ, ಅಥವಾ ಅವ್ವನ ಹಾಳೆ ಕೇಳಿದ ಮೇಲೆ ಬಂದ ಕಾರಣವೋ? ನಮ್ಮ ಹೆಣ್ಣುಮಕ್ಕಳಲ್ಲಿ ಈ ಗುಣ ಬಹಳ. ಮನೆಯ ಭಾರವನ್ನು ತಾವೇ ಎತ್ತಿಕೊಂಡು ಅದಕ್ಕೆ ತಮ್ಮ ಇಷ್ಟವೆಂದು ಹೆಸರಿಡುತ್ತಾರೆ. ಅಪ್ಪಂದಿರು ಮಾಡುವ ತಪ್ಪಿನ ಇನ್ನೊಂದು ಮಗ್ಗುಲು ಇದು. ಅವಳು ತಕ್ಷಣ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ಬಂದು ಹೇಳಿದಳು: ಅರ್ಧ ಅವ್ವನಿಗೆ, ಅರ್ಧ ಹತ್ತಿಗೆ, ಯಾರೂ ಗುರುತು ಹಿಡಿಯದ ಊರಿನ ಆಸೆ ಇನ್ನೂ ಇದೆ, ಅದನ್ನು ಸ್ನಾತಕೋತ್ತರ ಪದವಿಗೆ ಇಟ್ಟುಕೊಳ್ಳುತ್ತೇನೆ. ಇಷ್ಟು ಸ್ಪಷ್ಟವಾಗಿ ಲೆಕ್ಕ ಹಾಕಿದ ಮಗುವಿಗೆ ನಾನು ಹೇಳುವುದು ಏನೂ ಉಳಿದಿರಲಿಲ್ಲ. ಅವಳ ತಂದೆ ಒಂದು ಸಂಜೆ ಮುನಿಸಿಕೊಂಡರು, ಬೆಂಗಳೂರಿನ ಮರಗಳ ಬಗ್ಗೆ ಇನ್ನೊಂದು ಸಲ ಹೇಳಿದರು, ಮರುದಿನ ಅವಳೇ ಮೊದಲ ಸಾಲಿನಲ್ಲಿ ಧಾರವಾಡ ತುಂಬುವಾಗ ಪಕ್ಕದಲ್ಲಿ ಕುಳಿತು ಓ.ಟಿ.ಪಿ. ಓದಿ ಹೇಳಿದರು.

ಈ ಬಗೆಯ ಆಯ್ಕೆ ಬೇರೆ ಮಗುವಿಗೆ ಬೆಂಗಳೂರಿನಲ್ಲಿ ಕೊನೆಗೊಳ್ಳಬಹುದಿತ್ತು, ಮತ್ತು ಅದೂ ಅಷ್ಟೇ ಸರಿಯಾಗಿರುತ್ತಿತ್ತು. ರಾಗಿಯ ಮೇಲೆ ಮನಸ್ಸಿಟ್ಟ, ಅಥವಾ ಪ್ರಯೋಗಾಲಯದ ಗಾಜಿನ ನಡುವೆ ಬದುಕು ಕಾಣುವ, ಅಥವಾ ಮನೆಯ ಗದ್ದಲದಿಂದ ನಿಜವಾಗಿಯೂ ದೂರ ಹೋಗಬೇಕಾದ ಮಗುವನ್ನು ನಾನು ಧಾರವಾಡಕ್ಕೆ ಎಳೆಯುವುದಿಲ್ಲ. ಕೊನೆಯದನ್ನು ಬಿಡಿಸಿ ಹೇಳುತ್ತೇನೆ: ಕೆಲವು ಮನೆಗಳಲ್ಲಿ ದೂರವೇ ಮಗುವಿಗೆ ಔಷಧ. ಅಂಥ ಮಗು ದೂರದ ಊರು ಕೇಳಿದಾಗ ಖರ್ಚಿನ ಲೆಕ್ಕಕ್ಕಿಂತ ಮೊದಲು ನಾವು ನಮ್ಮ ಮನೆಯನ್ನು ನೋಡಿಕೊಳ್ಳಬೇಕು.

ಅವಳು ಈಗ ಧಾರವಾಡದಲ್ಲಿ ಎರಡು ವರ್ಷ ಮುಗಿಸಿದ್ದಾಳೆ. ಹಂಗಾಮಿನಲ್ಲಿ ಕೆಲವು ಶನಿವಾರ ಸಂಜೆ ಬಸ್ಸಿಗೆ ಬಂದು ಭಾನುವಾರ ರಾತ್ರಿ ಹೋಗುತ್ತಾಳೆ. ಕಳೆದ ಸಲ ಅವಳ ತಾಯಿ ಸಂತೆಯಲ್ಲಿ ಸಿಕ್ಕಾಗ, ಮಗಳು ಬರುವುದರಿಂದ ಕೆಲಸ ಹಗುರಾಯಿತೇ ಎಂದು ಕೇಳಿದೆ. ಅವರು ಚೀಲ ಕೆಳಗಿಟ್ಟು ಹೇಳಿದರು: "ಎಲ್ಲಿ ಹಗುರ ಬಿಡ್ರಿ ಸರ್. ಅಕಿ ಈಗ ಹೊಲಕ್ಕ ಬಂದ್ರ ಒಂದೊಂದು ಮೊಗ್ಗಿಗೂ ಚೀಟಿ ಕಟ್ಟಿ, ಎಣಿಸಿ ಬರಕೊಂಡು ಕೂಡತಾಳ. ಸಾಲು ಮುಗಿಯೂದ ಇಲ್ಲ."